ಚಂದ್ರಕ್ಕನ ಹೊತ್ತು

ಬಬ್ಬೂರಿನ ಕೆಳಗೇರಿಯಲ್ಲಿ ಹಿಟ್ಟಿನ ಗಿರಣಿ ಶುರುವಾದದ್ದು ಎಪ್ಪತ್ತೈದರಲ್ಲೋ ಎಪ್ಪತ್ತಾರರಲ್ಲೋ. ಆ ವರ್ಷ ಬೀಸೋಕಲ್ಲಿನ ಕೆಲಸ ತಪ್ಪಿ ಊರಿನ ಹೆಂಗಸರಿಗೆಲ್ಲ ದಿನದಲ್ಲಿ ಒಂದು ಹೊತ್ತು ಉಳಿಯಿತು. ಉಳಿದ ಹೊತ್ತು ಯಾರದು ಅಂತ ಜಗಳ ಹತ್ತಿದ್ದು ಮಾತ್ರ ದೊಡ್ಡತಿಮ್ಮಪ್ಪನ ಮನೆಯಲ್ಲಿ.

ದೊಡ್ಡತಿಮ್ಮಪ್ಪ ಕಂಬಳಿ ನೇಯುವವನು. ಪಡಸಾಲೆಯ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟಕ್ಕೆ ಕೂಗಿದಾಗಲೇ ಏಳುವುದು. ಹುಣಸೆ ಬೀಜ ಹುರಿದು, ಕುಟ್ಟಿ, ಕುದಿಸಿ ಗಂಜಿ ಮಾಡಿ ನೂಲಿಗೆ ಬಳಿಯುವುದು ಅವನ ಹೆಂಡತಿ ಬೋರಕ್ಕನ ಪಾಲು. ನೇಯ್ದ ಕಂಬಳಿ ಸಡಿಲ ಅನ್ನಿಸಿದರೆ ಅದನ್ನೂ ಹಿತ್ತಲಿನ ಗೂಟಗಳಿಗೆ ಎಳೆದು ಕಟ್ಟಿ, ಇನ್ನೊಂದು ಕೈ ಗಂಜಿ ಬಳಿದು ಕುಂಚದಿಂದ ತಿಕ್ಕುವಳು. ಗಂಜಿ ಕುಡಿಯದ ಉಣ್ಣೆಯನ್ನು ಆಕೆ ಬಟ್ಟೆ ಅಂತಲೇ ಒಪ್ಪುತ್ತಿರಲಿಲ್ಲ. ಬೋರಕ್ಕನ ಕೈ ಬಿದ್ದ ಕಂಬಳಿ ನೆಟ್ಟಗೆ ನಿಲ್ಲಿಸಿದರೆ ನಿಂತೇ ಇರುತ್ತದೆ ಅಂತ ಆದಿವಾಲದ ತನಕ ಹೆಸರಿತ್ತು. ಮಗ ಚಿತ್ರಲಿಂಗಪ್ಪನಿಗೆ ಕೃಷಿ ಫಾರಮ್ಮಿನಲ್ಲಿ ಕೆಲಸ. ಅವನ ಹೆಂಡತಿ ಚಂದ್ರಕ್ಕ ಮತ್ತೋಡಿನಿಂದ ಬಂದವಳು. ಅಡಿಗೆ, ನೀರು, ಸಗಣಿ, ದನ, ಹೊಲ ಎಲ್ಲ ಮುಗಿಸಿ ಮಾವನ ಮಗ್ಗಕ್ಕೆ ಉಣ್ಣೆ ನೂಲುವುದು, ಅತ್ತೆಗೆ ಕೈನೋವು ಶುರುವಾದ ಮೇಲೆ, ಅವಳ ಲೆಕ್ಕಕ್ಕೆ ಬಿದ್ದಿತ್ತು.

ಹೆಣಿಗೆ ಅವಳಿಗೆ ಅಂಟಿಕೊಂಡದ್ದು ಫಾರಮ್ಮಿನ ಕ್ವಾರ್ಟರ್ಸಿನಲ್ಲಿ. ಆಫೀಸರ ಮನೆಗೆ ಹಾಲು ಹಾಕಲು ಹೋದವಳು ಆ ಮನೆಯ ಅಮ್ಮನವರ ಕೈಯಲ್ಲಿ ಕಡ್ಡಿ ಆಡುವುದನ್ನು ನೋಡುತ್ತ ಮೆಟ್ಟಿಲ ಮೇಲೆ ಕೂತುಬಿಟ್ಟಳು. ದಿನಾ ಕೂತಳು. ಕಲಿತೂಬಿಟ್ಟಳು. ಆಫೀಸರಿಗೆ ವರ್ಗವಾದಾಗ ಆ ಅಮ್ಮ ಎರಡು ಕಡ್ಡಿ, ಒಂದು ಚೀಲದ ತುಂಬ ಗಿಳಿಹಸಿರು ಉಣ್ಣೆ ಕೊಟ್ಟು, "ಇದು ನಿನಗೇ ಅಂತ ಒಂದು ಶಾಲು ಹೆಣ್ಕೋ ಚಂದ್ರಮ್ಮ. ಬೇರೆ ಯಾರಿಗೂ ಕೊಡಬೇಡ" ಎಂದು ಹೇಳಿ ಹೋದರು.

ಅದಾಗಿ ಮೂರು ವರ್ಷ. ಶಾಲು ಮೊಳ ಬೆಳೆದರೆ ಗೇಣು ಬಿಚ್ಚಬೇಕು. ಹೆಣೆಯುತ್ತಿರುವಾಗ ಒಬ್ಬರು ನೀರು ಅನ್ನುತ್ತಾರೆ, ಇನ್ನೊಬ್ಬರು ಕರು ಬಿಚ್ಚಿಕೊಂಡಿತು ಅನ್ನುತ್ತಾರೆ. ಎದ್ದು ಬರುವಷ್ಟರಲ್ಲಿ ಕಡ್ಡಿಯಿಂದ ಕುಣಿಕೆ ಜಾರಿ, ಹೂವಿನ ಸಾಲು ಕೆಟ್ಟು, ಮತ್ತೆ ಮೊದಲಿಂದ. ಆ ಮನೆಯಲ್ಲಿ ಬಿಡುವಿಲ್ಲದವರು ಯಾರು, ನೀವೇ ಹೇಳಿ! ಗಂಡ ಸಂಜೆ ಹೋಟೆಲಿನ ಬೆಂಚು ಸವೆಸುತ್ತಿದ್ದ. ಮಾವ ಬೀಡಿ ಹಚ್ಚಿ ಜಗಲಿಯಲ್ಲಿ ಊರ ಪಂಚಾಯಿತಿ ಮುಗಿಸುತ್ತಿದ್ದ. ಅತ್ತೆ ಎಲೆಯಡಿಕೆ ಚೀಲ ಬಿಚ್ಚಿದರೆ ಕಟ್ಟಲು ಅರ್ಧ ಮಧ್ಯಾಹ್ನ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಚಂದ್ರಕ್ಕ ಕಡ್ಡಿ ಹಿಡಿದಳೋ, ಮನೆಯೇ ಮುಳುಗಿತು.

ಗಣಪನ ಹಬ್ಬ ಆದ ಮೇಲೆ ಒಂದು ದಿನ ಊಟಕ್ಕೆ ಕೂತ ದೊಡ್ಡತಿಮ್ಮಪ್ಪ ಮುದ್ದೆ ಮುರಿದು ಕೈ ನಿಲ್ಲಿಸಿದ.

"ಒಳಗೆ ಹಸಿಹಿಟ್ಟು ಐತೆ."

"ಇರ್ದೆ ಏನಾಗ್ತೈತೆ?" ಬೋರಕ್ಕ ಕಾಯುತ್ತಲೇ ಇದ್ದಳು. "ಕೈ ಮುದ್ದೆಕೋಲಿನ ಮ್ಯಾಲೆ ಇದ್ರೆ ತಾನೆ? ಅದು ಆ ಹಾಳು ಕಡ್ಡಿ ಮ್ಯಾಲಿತ್ತು."

"ಎಸರು ಕುದಿಯೋಗಂಟ ಒಂದು ಸಾಲು ಮುಗಿಸ್ಬಿಡಾಣ ಅಂತ ಕುಂತೆ ಅತ್ತೆ."

"ಒಂದು ಸಾಲು! ಮೂರು ವರ್ಷದಿಂದ ಕೇಳ್ತಾ ಇದೀನಿ ಈ ಒಂದು ಸಾಲು. ಅಲ್ಲಿ ಮಗ್ಗ ಬಾಯಿ ಬಿಟ್ಕಂಡು ಕುಂತೈತೆ. ನೂಲು ಎಲ್ಲಿ? ಈ ಮನೇಲಿ ಉಣ್ಣೆ ಇಲ್ವೇನು, ಪ್ಯಾಟೆ ಉಣ್ಣೆ ಹಿಡ್ಕಂಡು ಆಡೋಕೆ?"

"ಹೋಗ್ಲಿ ಬಿಡವ್ವ, ಉಣ್ಣಾಣ," ಎಂದ ಚಿತ್ರಲಿಂಗಪ್ಪ.

"ನೀನು ಸುಮ್ಕಿರಪ್ಪ. ಹೆಂಡ್ತಿಗೆ ಹೇಳಾಕೆ ಬಾಯಿಲ್ಲ, ತಾಯಿಗೆ ಹೇಳಾಕೆ ಬಂದ."

ಚಂದ್ರಕ್ಕ ಸಾರಿನ ಪಾತ್ರೆ ಕೆಳಗಿಟ್ಟಳು. ಬಹಳ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು ಅವತ್ತು ಹೊರಗೆ ಬಂತು.

"ಗಿರಣಿ ಬಂದ ಮ್ಯಾಲೆ ಬೀಸೋದು ತಪ್ತಲ್ಲ ಅತ್ತೆ. ಆ ಹೊತ್ತು ನಂಗೆ ಕೊಡ್ರಿ. ಊಟ ಆದಾಗಿಂದ ದನ ಬರೋಗಂಟ. ಇನ್ನೇನೂ ಕೇಳಲ್ಲ."

"ಹೊತ್ತು ಕೊಡ್ಬೇಕಂತೆ ಕೇಳ್ರೋ! ನಂಗ್ಯಾರು ಕೊಟ್ಟಿದ್ರು? ಹೆತ್ತ ಮೂರನೇ ದಿನಕ್ಕೆ ರಾಟೆ ಮುಂದೆ ಕುಂತವಳು ಕಣೇ ನಾನು."

ದೊಡ್ಡತಿಮ್ಮಪ್ಪ ಕೈ ತೊಳೆದುಕೊಂಡು ಎದ್ದ. ಮಾತು ಕಡಿಮೆ ಆಡುವವನು, ಆಡಿದರೆ ತೀರ್ಮಾನ.

"ನೋಡವ್ವ. ಇದು ಮುಗಿಯೋ ಕೆಲಸವೋ ಮುಗಿಯದ ಚಟವೋ ನಂಗೆ ಗೊತ್ತಾಗ್ಬೇಕು. ದೀಪಾವಳಿ ಒಳಗೆ ಅದನ್ನ ಪೂರಾ ಮಾಡಿ ನನ್ನ ಕೈಗೆ ಕೊಡು. ಕೊಟ್ರೆ ಮಧ್ಯಾಹ್ನದ ಹೊತ್ತು ನಿಂದು, ನಾನಿರೋ ತನಕ ಯಾರೂ ಕೇಳಂಗಿಲ್ಲ. ಕೊಡ್ಲಿಲ್ಲ ಅಂದ್ರೆ ಕಡ್ಡಿ ಬಾವಿಗೆ. ಅಲ್ಲಿತನಕ ನೂಲು ಕಮ್ಮಿ ಆಗಂಗಿಲ್ಲ."

"ಆಗ್ಲಿ ಮಾವ," ಎಂದಳು ಚಂದ್ರಕ್ಕ, ಹಿಂದುಮುಂದು ನೋಡದೆ.

ಎಂಥ ಒಪ್ಪಂದ ನೋಡಿ! ಮೂರು ವರ್ಷದಲ್ಲಿ ಆಗದ್ದು ಎರಡು ಹಬ್ಬಗಳ ನಡುವೆ ಆಗಬೇಕು, ಅದೂ ಒಂದು ಎಳೆ ನೂಲು ಕಡಿಮೆಯಾಗದೆ. ಆದರೆ ಆ ಹೊತ್ತಿನ ಆಸೆ ಅವಳಿಗೆ ಅಷ್ಟಿತ್ತು. ಕೋಳಿ ಕೂಗುವ ಮುಂಚೆ ಎದ್ದು ಕಸ ಮುಗಿಸಿದಳು. ಹೊಲಕ್ಕೆ ಬುತ್ತಿ ಒಯ್ಯುವಾಗ ಕುಕ್ಕೆ ತಲೆ ಮೇಲೆ, ಉಣ್ಣೆ ಕಂಕುಳಲ್ಲಿ, ಕಡ್ಡಿ ಕೈಯಲ್ಲಿ. ದಾರಿಯಲ್ಲಿ ಎದುರಾದ ಕೇರಿಯ ಮರುಳಸಿದ್ದಮ್ಮ ಸೆರಗು ಬಾಯಿಗಿಟ್ಟು ನಕ್ಕಳು.

"ಏನೇ ಚಂದ್ರಿ, ನಡ್ಕಂತ ಹೆಣೀತೀಯ? ಎಡವಿ ಬಿದ್ದೀಯ ಜ್ವಾಕೆ."

"ನಮ್ಮತ್ತೆ ಕದಿರು ಹಿಡ್ಕಂಡು ನಡ್ಕಂತ ನೂಲ್ತಿರ್ಲಿಲ್ವ? ಅದಕ್ಕೆ ಯಾರೂ ನಗ್ತಿರ್ಲಿಲ್ಲ."

"ಅದು ಕೆಲಸ ಕಣೇ. ಇದು ನಿನ್ನ ಶೋಕಿ."

ಚಂದ್ರಕ್ಕನಿಗೆ ಮೈ ಉರಿದುಹೋಯಿತು. ಅತ್ತೆಯ ಕೈಯಲ್ಲೂ ಉಣ್ಣೆ, ತನ್ನ ಕೈಯಲ್ಲೂ ಉಣ್ಣೆ. ತನಗೆ ಸಂತೋಷ ಆಗುತ್ತದೆ ಅನ್ನುವುದೊಂದೇ ತಪ್ಪಾಗಿತ್ತು.

ಹೇಗೋ ಶಾಲು ಅರ್ಧಕ್ಕೆ ಬಂತು. ಅಷ್ಟರಲ್ಲಿ ಕಡ್ಲೆಕಾಯಿ ಕೀಳುವ ಕಾಲ ಬಂತು. ಕಡ್ಲೆಕಾಯಿ ಬಂದರೆ ಮನೆಯಲ್ಲಿ ಯಾರಿಗೂ ಉಸಿರಾಡಲು ಪುರುಸೊತ್ತಿಲ್ಲ. ಹಗಲೆಲ್ಲ ಗಿಡ ಕೀಳು, ಸಂಜೆಯೆಲ್ಲ ಕಾಯಿ ಬಿಡಿಸು. ಉಗುರು ಕಿತ್ತು ಬೆರಳು ಬಿರಿದು ಉಣ್ಣೆ ಮುಟ್ಟಿದರೆ ಎಳೆ ಚರ್ಮಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಕೈಗೆ ಹರಳೆಣ್ಣೆ ಹಚ್ಚಿಕೊಂಡು ಕೂತರೆ ಕಣ್ಣು ಎಳೆಯುತ್ತಿತ್ತು. ಮೊದಲ ವಾರ ಒಂದು ಸಾಲೂ ಏರಲಿಲ್ಲ. ಮಗ್ಗದ ನೂಲೂ ಹಿಂದೆ ಬಿತ್ತು.

"ನೂಲು ಎಲ್ಲವ್ವ?" ಎಂದ ಮಾವ.

"ನಾಳೆ ಕೊಡ್ತೀನಿ ಮಾವ."

ಮರುದಿನ ಅವಳು ಮಾಡಿದ ಕೆಲಸ ಯಾವ ತಾಯಿಯೂ ಮಾಡಬಾರದ್ದು. ಮಗಳು ಏಕನಾಥಮ್ಮ ಆರನೇ ಕ್ಲಾಸು, ಪುಸ್ತಕದ ಚೀಲ ಹೆಗಲಿಗೇರಿಸಿ ಹೊರಟಿದ್ದಳು. ಚಂದ್ರಕ್ಕ ಬಾಗಿಲಲ್ಲಿ ಅಡ್ಡ ನಿಂತಳು.

"ಇವತ್ತೊಂದು ದಿನ ಇಸ್ಕೂಲು ಬ್ಯಾಡ ಕಣೇ. ಕೊಟ್ಟಿಗೆ ಹಿಂದೆ ಕುಂತು ನೂತ್ಬಿಡು."

"ಇವತ್ತು ಲೆಕ್ಕದ ಪರೀಕ್ಷೆ ಐತೆ ಅವ್ವ."

"ಒಂದು ದಿನ ಅಂದ್ನಲ್ಲ. ಅಪ್ಪಂಗೆ ಹೇಳ್ಬ್ಯಾಡ."

ಹುಡುಗಿ ತಾಯಿಯ ಮುಖ ನೋಡಿ ಚೀಲ ಕೆಳಗಿಟ್ಟಳು. ಒಂದು ದಿನ ಎರಡಾಯಿತು, ಎರಡು ಒಂದು ವಾರವಾಯಿತು. ಮಗಳು ಕೊಟ್ಟಿಗೆಯ ಹಿಂದೆ ರಾಟೆ ತಿರುಗಿಸುತ್ತಿದ್ದಳು, ತಾಯಿ ಹೊಲದಿಂದ ತಪ್ಪಿಸಿಕೊಂಡು ಬಂದು ಪಕ್ಕದಲ್ಲೇ ಕೂತು ಕಡ್ಡಿ ಆಡಿಸುತ್ತಿದ್ದಳು. ಚಂದ್ರಕ್ಕ ಮಗಳ ಮುಖ ನೋಡುತ್ತಿರಲಿಲ್ಲ.

ಇಂಥದ್ದೆಲ್ಲ ಎಷ್ಟು ದಿನ ಮುಚ್ಚಿಡಲಾದೀತು? ಫಾರಮ್ಮಿನ ಗೇಟಿನ ಹತ್ತಿರ ಮೇಷ್ಟ್ರು ಸಿಕ್ಕಿ, "ನಿಮ್ಮ ಹುಡುಗಿಗೆ ಹುಷಾರಿಲ್ವೇನ್ರಿ?" ಎಂದು ಕೇಳಿದರು. ಚಿತ್ರಲಿಂಗಪ್ಪ ಕೆಲಸ ಬಿಟ್ಟು ಮನೆಗೆ ಬಂದ. ಹೆಂಡತಿಯ ಮೇಲೆ ಎಂದೂ ದನಿ ಎತ್ತದವನು ಕೊಟ್ಟಿಗೆಯಲ್ಲಿ ನಿಂತು ಕೂಗಿದ್ದು ಬೀದಿಗೆಲ್ಲ ಕೇಳಿತು.

"ನಿನ್ನ ಚಟಕ್ಕೆ ಮಗೀನ ಇಸ್ಕೂಲು ಬಿಡ್ಸಿದ್ಯಾ? ಥೂ ನಿನ್ನ!"

"ಹೌದು, ಬಿಡಿಸ್ದೆ."

"ನಾಚಿಕೆ ಇಲ್ಲದೆ ಹೌದು ಅಂತೀಯಲ್ಲೇ! ತಾಯೇನೇ ನೀನು?"

"ಅಪ್ಪ, ಬೈಬ್ಯಾಡಪ್ಪ. ನಾನೇ ಮನೇಲಿ ಉಳ್ಕಂಡೆ," ಎಂದು ಏಕನಾಥಮ್ಮ ಅಳುತ್ತ ನಡುವೆ ಬಂದಳು.

"ನೀನು ಸುಳ್ಳು ಹೇಳ್ಬ್ಯಾಡ ಕಣವ್ವ, ತಪ್ಪು ನಂದು," ಎಂದಳು ಚಂದ್ರಕ್ಕ. ಆಮೇಲೆ ಗಂಡನ ಕಡೆ ತಿರುಗಿದಳು. ಅವಳ ದನಿಯೂ ಏರಿತ್ತು. "ನೀವು ಕೇಳಿದ್ರಾ ಯಾವತ್ತಾದ್ರೂ? ಮುದ್ದೆ ತೊಳಸ್ತೀನಿ, ಉಂಡ್ಕಂಡು ಎದ್ದು ಹೋಗ್ತೀರಿ. ಬಟ್ಟೆ ಒಗೀತೀನಿ, ಬೈಗಿಗೆ ಮತ್ತೆ ಕೊಳೆ. ಸಾರಿಸ್ತೀನಿ, ಬೆಳಿಗ್ಗೆ ಮತ್ತೆ ಕಸ. ನೂಲ್ತೀನಿ, ಅದು ಮಾವನ ಕಂಬಳಿ. ಮದುವೆ ಆಗಿ ಇಷ್ಟು ವರ್ಷಕ್ಕೆ, ಇದು ನಾನು ಮಾಡಿದ್ದು, ಇದು ಹಂಗೇ ಉಳಿದೈತೆ ಅಂತ ತೋರ್ಸಾಕೆ ಒಂದು ವಸ್ತು ಇಲ್ಲ ನಂಗೆ. ಹುಚ್ಚು ಹಿಡಿದಂಗೆ ಆಗೈತ್ರಿ. ಮಗೀನ ಇಸ್ಕೂಲು ಬಿಡ್ಸೋ ಅಷ್ಟು ಹುಚ್ಚು."

ಹೇಳಿದವಳೇ ಅಲ್ಲೇ ಸಗಣಿಯ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಚಿತ್ರಲಿಂಗಪ್ಪ ಮಗಳ ಕೈ ಹಿಡಿದುಕೊಂಡು ಹೋಗಿ ಮೇಷ್ಟ್ರ ಮುಂದೆ ನಿಲ್ಲಿಸಿ ಬಂದ.

ಬೋರಕ್ಕ ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಈಗ ಇನ್ನೊಂದು ಸುತ್ತು ಬೈಗುಳ ಅಂತ ಚಂದ್ರಕ್ಕ ತಲೆ ಎತ್ತದೆ ಕಾದಳು. ಮುದುಕಿ ಕೊಟ್ಟಿಗೆಯ ಹಿಂದೆ ಹೋಗಿ ಮೊಮ್ಮಗಳು ಬಿಟ್ಟುಹೋದ ರಾಟೆ ಎತ್ತಿಕೊಂಡು ಬಂದು ಪಡಸಾಲೆಯಲ್ಲಿ ಇಟ್ಟು ತಾನೇ ಕೂತಳು.

"ಅತ್ತೆ, ನಿಮ್ಮ ಕೈನೋವು..."

"ನನ್ನ ಕೈ ನಂಗೆ ಗೊತ್ತು. ನೀನು ಹೋಗಿ ಅದನ್ನ ಮುಗಿಸು."

"ಸಾರಿಗೆ ಇಡ್ಬೇಕಿತ್ತು."

"ನಾನು ಇಡ್ತೀನಿ. ನಿನ್ನ ಸಾರು ಬರೋಕೆ ಮುಂಚೆ ಈ ಮನೇಲಿ ಯಾರೂ ಉಣ್ತಿರ್ಲಿಲ್ವ? ಹೋಗೇ ಅಂದ್ರೆ."

ಅವತ್ತಿನಿಂದ ಮುದುಕಿ ನೂತಳು, ಒಲೆ ಉರಿಸಿದಳು, ದನಕ್ಕೆ ನೀರು ತೋರಿಸಿದಳು. ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಏನೇ ಅದು, ಬರೀ ತೂತು? ಗಾಳಿ ಹೊಡ್ಯಲ್ವ?"

"ಅದು ಹೂವು ಅತ್ತೆ. ತೂತಿದ್ರೇ ಹೂವು ಕಾಣೋದು."

"ಹೂವಂತೆ. ಮೆತ್ತಗೆ ಬೆಕ್ಕಿನ ಮರಿ ಇದ್ದಂಗೈತೆ. ಹಿಂಗಿದ್ರೆ ಎಷ್ಟು ದಿನ ಬಾಳಿಕೆ ಬರ್ತೈತೆ?"

ಚಂದ್ರಕ್ಕ ನಕ್ಕಳು. ಅತ್ತೆ ಸೊಸೆ ಒಂದೇ ಪಡಸಾಲೆಯಲ್ಲಿ ಉಣ್ಣೆ ಹಿಡಿದು ಕೂತದ್ದನ್ನು ನೋಡಿ ದೊಡ್ಡತಿಮ್ಮಪ್ಪ ಮಗ್ಗದಿಂದ ಎರಡು ಸಲ ತಲೆ ಎತ್ತಿದ.

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಎರಡು ದಿನ ಮುಂಚೆ ಶಾಲು ಮುಗಿಯಿತು. ಚಂದ್ರಕ್ಕ ಕೊನೆಯ ಎಳೆ ಕತ್ತರಿಸಿ ಅದನ್ನು ಮಡಿಲ ಮೇಲೆ ಹರಡಿಕೊಂಡಳು. ಗಿಳಿಹಸಿರು ಬಣ್ಣ, ಅಂಚಿಗೆಲ್ಲ ಹೂವಿನ ಸಾಲು, ಹಿಡಿಯಲ್ಲಿ ಮುದುರಿದರೆ ಹಿಡಿಯೊಳಗೇ ಅಡಗುವಷ್ಟು ಮೃದು. ಹೆಗಲಿಗೆ ಹಾಕಿಕೊಂಡಳು. ಕೆನ್ನೆಗೆ ಒತ್ತಿಕೊಂಡಳು. ಏಕನಾಥಮ್ಮ ಕನ್ನಡಿ ತಂದು ಹಿಡಿದಳು.

"ಅವ್ವ, ಆಫೀಸರಮ್ಮ ಕಂಡಂಗೆ ಕಾಣ್ತೀಯ."

"ಸುಮ್ಕಿರೇ," ಎಂದಳು ಚಂದ್ರಕ್ಕ. ಕನ್ನಡಿ ಕೆಳಗಿಳಿಸಲು ಮಾತ್ರ ಹೇಳಲಿಲ್ಲ. ಅಷ್ಟು ಸಂತೋಷ ಆ ಮನೆಯಲ್ಲಿ ಅವಳಿಗೆ ಅದಕ್ಕೆ ಮುಂಚೆ ಆಗಿರಲಿಲ್ಲ.

"ಮಾವಂಗೆ ಈಗ್ಲೇ ತೋರಿಸ್ತೀನಿ ಅತ್ತೆ."

"ಈಗ್ಯಾಕೆ? ನಾಳೆ ಬೈಗಿಗೆ ಎಲ್ಲ ಇರೋವಾಗ ತೋರಿಸೀಯಂತೆ. ಬೆಳಿಗ್ಗೆ ಮಗಳನ್ನ ಕರ್ಕಂಡು ಹಿರಿಯೂರಿಗೆ ಹೋಗಿ ಹಬ್ಬದ ಸಾಮಾನು ತಂದ್ಬಿಡು," ಎಂದಳು ಬೋರಕ್ಕ. ಅವಳ ಮುಖದಲ್ಲಿ ಏನೋ ಗುಟ್ಟಿನ ನಗು ಇತ್ತು. ಹಬ್ಬದ ಸಂಭ್ರಮ ಅಂದುಕೊಂಡಳು ಚಂದ್ರಕ್ಕ.

ಹಿರಿಯೂರಿನಲ್ಲಿ ಬೆಲ್ಲ, ಬೇಳೆ, ಎಣ್ಣೆ, ಮಗಳಿಗೆ ಬಳೆ. ಬಸ್ಸಿನಲ್ಲಿ ನಿಂತುಕೊಂಡೇ ವಾಪಸು ಬಂದರು. ಮನೆ ಬಾಗಿಲಿಗೆ ಬರುವಾಗಲೇ ಹುರಿದ ಹುಣಸೆ ಬೀಜದ ವಾಸನೆ ಮೂಗಿಗೆ ಹತ್ತಿತು. ಮಾವನ ನೂಲಿಗೆ ಗಂಜಿ ಕಾಯಿಸುತ್ತಿದ್ದಾರೆ ಅಂದುಕೊಂಡು ಚೀಲ ಇಳಿಸಲು ಹಿತ್ತಲಿಗೆ ಹೋದಳು.

ಹಿತ್ತಲಿನ ಗೂಟಗಳಿಗೆ ಅವಳ ಶಾಲನ್ನು ಎಳೆದು ಕಟ್ಟಿತ್ತು.

ಗಿಳಿಹಸಿರು ಹೋಗಿ ಕೆಸರಿನ ಬಣ್ಣ ಬಂದಿತ್ತು. ಹೂವಿನ ತೂತುಗಳಲ್ಲೆಲ್ಲ ಗಂಜಿ ಕಟ್ಟಿ ಒಣಗಿತ್ತು. ಬಿಸಿ ಗಂಜಿಗೆ ಎಳೆ ಎಳೆಯೂ ಒಂದಕ್ಕೊಂದು ಅಂಟಿ, ಕುಂಚದ ಏಟಿಗೆ ಜುಂಗು ಎದ್ದು, ಗೂಟಕ್ಕೆ ಎಳೆದ ಕಡೆಗಳಲ್ಲಿ ಕುಣಿಕೆಗಳು ಹರಿದಿದ್ದವು. ಹರಿದ ಜಾಗಗಳನ್ನು ಯಾರೋ ಕರಿ ಉಣ್ಣೆಯ ದಾರದಿಂದ ಅಚ್ಚುಕಟ್ಟಾಗಿ ಹೊಲಿದಿದ್ದರು.

ಯಾರೋ ಯಾಕೆ? ಬೋರಕ್ಕ ಅಲ್ಲೇ ನಿಂತಿದ್ದಳು. ಮೊಣಕೈ ತನಕ ಗಂಜಿ. ಎಡಗೈ ಬೆರಳು ಸುಟ್ಟುಕೊಂಡು ಅರಿಶಿನ ಮೆತ್ತಿಕೊಂಡಿದ್ದಳು.

"ಬಂದ್ಯಾ? ಇನ್ನೂ ಒಂದು ಗಳಿಗೆ ಒಣಗ್ಬೇಕಿತ್ತು. ಬೇಗ ಬಂದ್ಬಿಟ್ಟೆ." ಮುದುಕಿಗೆ ಮಾತು ನಿಲ್ಲುತ್ತಿರಲಿಲ್ಲ. "ಅಷ್ಟು ಕಷ್ಟ ಬಿದ್ದು ಮಾಡೀಯ, ಗಂಜಿ ಕಾಣದ ಬಟ್ಟೆ ಹಂಗೇ ಬಿಟ್ರೆ ಎರಡು ದಿನಕ್ಕೆ ಚಿಂದಿ ಆಗ್ತಿತ್ತು. ಮೊದಲ್ನೇ ಕೈ ಹಾಕ್ದೆ, ಹೀರ್ಕಂಬಿಡ್ತು. ಎರಡ್ನೇ ಕೈ ಹಾಕ್ದೆ. ನನ್ನ ಮದುವೆ ಕಂಬಳಿಗೂ ಇಷ್ಟು ಗಂಜಿ ತಿನ್ಸಿರ್ಲಿಲ್ಲ ಕಣೇ. ಮುಟ್ಟಿ ನೋಡು, ಮುಟ್ಟಿ ನೋಡು. ಹೆಂಗೈತೆ?"

ಏಕನಾಥಮ್ಮ ತಾಯಿಯ ಸೀರೆ ಹಿಡಿದುಕೊಂಡು, "ಅಜ್ಜಿ, ಇದನ್ನ ಯಾಕೆ..." ಅಂತ ಬಾಯಿ ತೆಗೆದಳು. ಚಂದ್ರಕ್ಕ ಅವಳ ತೋಳು ಗಟ್ಟಿಯಾಗಿ ಹಿಸುಕಿದಳು.

ಗಂಡನ ಮುಂದೆ, ಮಾವನ ಮುಂದೆ, ಬೀದಿಯ ಮುಂದೆ ಜಗಳ ಆಡಿದ ಹೆಂಗಸು ಅವಳು. ಅತ್ತೆ ಬೈದಿದ್ದರೆ, ಸಿಟ್ಟಿಗೆ ಹರಿದು ಹಾಕಿದ್ದರೆ ಅವತ್ತು ಮನೆ ಎರಡಾಗುತ್ತಿತ್ತು. ಆದರೆ ಮುದುಕಿ ಸುಟ್ಟ ಬೆರಳು ಹಿಡಿದುಕೊಂಡು, ಹೊಗಳಿಕೆಗೆ ಕಾಯುವ ಕೂಸಿನ ಹಾಗೆ ನಿಂತಿದ್ದಳು.

"ಚೆನ್ನಾಗೈತೆ ಅತ್ತೆ," ಎಂದಳು ಚಂದ್ರಕ್ಕ.

"ನಂಗೊತ್ತಿತ್ತು! ಕೈಗೆ ಏನಾಗೈತೆ ಅಂತ ಕೇಳ್ಬ್ಯಾಡ, ಏನಿಲ್ಲ, ಬಿಸಿ ತಾಗ್ತು ಅಷ್ಟೆ."

ಸಂಜೆ ಎಲ್ಲರ ಮುಂದೆ ದೊಡ್ಡತಿಮ್ಮಪ್ಪ ಶಾಲನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಅಂಚು ಎಳೆದ. ಬೆರಳಿನಿಂದ ಬಡಿದ. ಹಪ್ಪಳ ಬಡಿದ ಹಾಗೆ ಸದ್ದು ಬಂತು.

"ಗಟ್ಟಿ ಐತೆ. ನಾನು ಬರೀ ಆಟ ಅಂದ್ಕಂಡಿದ್ದೆ. ಪೂರಾ ಆಯ್ತು. ಮಾತು ಕೊಟ್ಟಂಗೆ ಮಧ್ಯಾಹ್ನದ ಹೊತ್ತು ನಿಂದು ಕಣವ್ವ."

"ಹಾಕ್ಕಳೇ, ನೋಡಾಣ," ಎಂದ ಚಿತ್ರಲಿಂಗಪ್ಪ. ಮಗಳ ವಿಷಯದ ಸಿಟ್ಟು ಅವನಿಗೂ ಇಳಿದಿತ್ತು.

ಹಾಕಿಕೊಂಡಳು. ಅದು ಹೆಗಲ ಮೇಲೆ ಕೂರಲಿಲ್ಲ, ನಿಂತಿತು. ಕುತ್ತಿಗೆ ತರಚಿತು. ಎಲ್ಲರೂ ಚೆನ್ನಾಗಿದೆ ಅಂದರು. ದನಕ್ಕೆ ಹುಲ್ಲು ಹಾಕಿ ಬರುತ್ತೇನೆ ಎಂದು ಕೊಟ್ಟಿಗೆಗೆ ಹೋಗಿ, ಹಸುವಿನ ಪಕ್ಕಕ್ಕೆ ಹಣೆ ಒತ್ತಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಸತ್ತವರಿಗೆ ಅಳುವ ಅಳು ಅದು. ಏಕನಾಥಮ್ಮ ಹಿಂದೆಯೇ ಬಂದಳು.

"ನೀರಾಗೆ ನೆನಸಿ ತೊಳೆಯಾಣ ಅವ್ವ. ಗಂಜಿ ಬಿಡ್ತೈತೆ."

"ಗಂಜಿ ಬಿಟ್ರೂ ಹೂವು ಬರಲ್ಲ ಕಣವ್ವ. ಎಳೆ ಎಲ್ಲ ಬೆಂದು ಮುದ್ದೆ ಆಗೈತೆ."

"ಅಜ್ಜಿಗೆ ಹೇಳ್ಲಾ? ಇನ್ನೊಂದು ಸಲ ಹಿಂಗೆ ಮಾಡ್ಬ್ಯಾಡ ಅಂತ?"

"ಹೇಳಿದ್ರೆ ನಿಮ್ಮಜ್ಜಿ ಈ ಜನ್ಮದಲ್ಲಿ ಕುಂಚ ಮುಟ್ಟಲ್ಲ. ನನ್ನಾಣೆ, ಹೇಳ್ಬ್ಯಾಡ."

ಹಬ್ಬ ಕಳೆಯಿತು. ಮಾರನೇ ದಿನ ಊಟವಾಗಿ ಎಲೆ ತೆಗೆದ ಮೇಲೆ ಬೋರಕ್ಕ ತಾನೇ ಪಡಸಾಲೆ ಗುಡಿಸಿ ಚಾಪೆ ಹಾಸಿದಳು. ಮಗನನ್ನು ಜಗಲಿಗೆ ಅಟ್ಟಿದಳು. ನೀರು ಕೇಳಿದ ಗಂಡನಿಗೆ ತಾನೇ ಎದ್ದು ಕೊಟ್ಟಳು.

"ಬಾರೇ ಚಂದ್ರಿ, ಕುಂತ್ಕ. ನಿನ್ನ ಹೊತ್ತು."

ಚಂದ್ರಕ್ಕ ಬಂದು ಕೂತಳು. ಚೀಲದಲ್ಲಿ ಗಿಳಿಹಸಿರು ಒಂದು ಎಳೆಯೂ ಉಳಿದಿರಲಿಲ್ಲ. ಮುದುಕಿ ಒಳಗಿಂದ ಕುಕ್ಕೆ ತುಂಬ ನೂಲು ತಂದು ಅವಳ ಮುಂದೆ ಸುರಿದಳು. ಕುರಿಯ ಕರಿ ಉಣ್ಣೆ, ಒರಟು, ಮನೆಯಲ್ಲೇ ನೂತದ್ದು.

"ಪ್ಯಾಟೆ ಉಣ್ಣೆ ಯಾಕೆ, ನಮ್ಮನೇದೇ ಐತೆ. ಮೊದ್ಲು ನಿಮ್ಮ ಮಾವಂಗೆ ಒಂದು ಹೆಣಿ, ಚಳೀಲಿ ಮಗ್ಗದಾಗೆ ಕುಂತ್ಕಂತಾನೆ. ಆಮೇಲೆ ಲಿಂಗಪ್ಪಂಗೆ. ಆಮೇಲೆ ಮಗೀಗೆ. ಮುಗಿದಿದ್ದು ಮುಗಿದಂಗೆ ನಂಗೆ ಕೊಡು, ನಾನು ಗಂಜಿ ಹಾಕಿ ಕೊಡ್ತೀನಿ. ಇಬ್ರೂ ಸೇರಿ ಮಾಡಾಣ."

ಚಂದ್ರಕ್ಕ ಕರಿ ಉಣ್ಣೆ ಮುಟ್ಟಿ ನೋಡಿದಳು. ಒಂದು ಎಳೆ ಬೆರಳಿಗೆ ಸುತ್ತಿಕೊಂಡು ಕೇಳಿದಳು.

"ನಂಗೆ, ಅತ್ತೆ?"

ಬೋರಕ್ಕ ನಕ್ಕುಬಿಟ್ಟಳು.

"ನಿಂಗಾ? ನಿಂದು ಆಗ್ಲೇ ಮುಗೀತಲ್ಲೇ!"